ಕಿವಿಗೆ ಬಿದ್ದ ಬಣ್ಣಗಳು

"ಕೆಂಪುಂಟು ಮಾರಾಯ್ರೆ, ಹಸಿರಿನ ಅಡಿಯಲ್ಲಿ ಕೆಂಪುಂಟು!" ಎಂದು ವಾರಿಜಾ ಕೂಗಿದಾಗ ಚೆನ್ನಯನ ಕೈ ತಾನಾಗಿ ನಿಂತಿತು. ಅವಳು ಹೊರಗೆ ಬಂದದ್ದು ಚಹಾ ತಣಿಯುತ್ತದೆ ಎಂದು ಗಂಡನನ್ನು ಗದರಿಸಲಿಕ್ಕೆ. ಆದರೆ ಮುಂಬಯಿ ಬದಿಯ ಸಾನಪಾಡಾದ ಆ ಪುಟ್ಟ ರೋ-ಹೌಸಿನ ಮುಂದಿನ ಸಿಮೆಂಟಿನ ಅಂಗಳದಲ್ಲಿ, ಸ್ಟೂಲುಗಳ ಮೇಲೆ ಗೋಣಿ ಹಾಸಿ ಮಲಗಿಸಿದ್ದ ಫಿಯೆಟ್ ಕಾರಿನ ಬಾಗಿಲನ್ನು ಕಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು. ಚೆನ್ನಯ ನೀರು ಹಾಕಿ ಹಾಕಿ ಪಾಲೀಶ್ ಕಾಗದದಿಂದ ಉಜ್ಜಿದ ಕಡೆ ಹಳೆಯ ಬಣ್ಣಗಳು ಒಂದರೊಳಗೊಂದು ಬಳೆಗಳ ಹಾಗೆ ತೆರೆದುಕೊಂಡಿದ್ದವು. "ಹೊರಗೆ ಹಸಿರು, ಅದರ ಒಳಗೆ ಕೆಂಪು, ಅಲ್ಲ ಕೆಂಪಲ್ಲ, ಇಟ್ಟಿಗೆಯ ಬಣ್ಣ. ಅದರ ಒಳಗೆ ಎಂತದು ಇದು, ಮೊಸರಿನ ಹಾಗೆ ಬಿಳಿ. ಮತ್ತೆ ಪುನಃ ಹಸಿರು, ಈ ಹಸಿರು ಬೇರೆ, ಬಾಳೆಯ ಸುಳಿ ಇರ್ತದಲ್ಲ, ಆ ಹಸಿರು. ನೋಡಿ, ನೋಡಿ ಅಂದ್ರೆ!" ಚೆನ್ನಯ ನೋಡಿದ. ಒಂದು ಮಬ್ಬು, ಅದರೊಳಗೆ ತುಸು ಗಾಢವಾದ ಇನ್ನೊಂದು ಮಬ್ಬು, ಒಂದು ಬಿಳಿ ಗೆರೆ, ಮತ್ತೆ ಮಬ್ಬು, ಎಲ್ಲದರ ನಡುವೆ ನೀರು ನಿಂತಂತೆ ಮಿನುಗುವ ಬರಿಯ ತಗಡು. ಅಷ್ಟೇ. "ಹೌದು, ಚೆಂದ ಉಂಟು," ಎಂದು ಅವನು ಹೇಳಿದ. ಹೇಳಿ ಹೆಂಡತಿಯ ಮುಖ ನೋಡಿದ. ಅವಳ ಕಣ್ಣುಗಳು ಆ ಬಳೆಗಳ ಮೇಲೆ ಒಂದೊಂದಾಗಿ ಇಳಿಯುತ್ತಿದ್ದವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ದೀಪದ ಕೆಳಗೆ ಊಟ ಮಾಡಿ, ಈ ಹೆಂಗಸು ತನ್ನ ಪಕ್ಕದಲ್ಲೇ ಕುಳಿತುಕೊಂಡು ಇನ್ನೊಂದೇ ಲೋಕವನ್ನು ಕಾಣುತ್ತಿದ್ದಾಳಲ್ಲ ಎಂದು ಅವನ ಮೈ ಸಣ್ಣಗೆ ಜುಮ್ಮೆಂದಿತು.

ಬಣ್ಣ ಎಂಬುದು ಚೆನ್ನಯನಿಗೆ ಮೊದಲಿಂದಲೂ ಕಿವಿಯ ಮೂಲಕ ಬರುವ ಸಂಗತಿ. ಜನ ಹೇಳುತ್ತಾರೆ, ಅವನು ಕೇಳಿ ಇಟ್ಟುಕೊಳ್ಳುತ್ತಾನೆ. ನೀಲಿ, ಹಳದಿಗಳದ್ದು ತಕರಾರಿಲ್ಲ, ಅವು ತಾವಾಗಿಯೇ ಬಂದು ಕಣ್ಣಿಗೆ ಬೀಳುತ್ತವೆ. ಈ ಕೆಂಪು, ಹಸಿರು ಮತ್ತು ಅವೆರಡರ ಸಂತಾನವೇ ಅವನಿಗೆ ಕೈಕೊಡುವುದು. ಕಾರು ಕೊಳ್ಳುವಾಗಲೂ ಹಾಗೆಯೇ ಆಯಿತು. ಚೆಂಬೂರಿನ ನಿವೃತ್ತ ಮಾಸ್ತರರು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ "ಸೀ-ಗ್ರೀನ್ ಆಹೇ ಹೋ, ಆತಾ ಅಸಾ ರಂಗ ಮಿಳತ್ ನಾಹೀ", ಇಂಥ ಬಣ್ಣ ಈಗ ಸಿಗುವುದಿಲ್ಲ, ಎಂದದ್ದೇ ತಡ, ಅವನು ಅದನ್ನು ಬಾಯಿಪಾಠ ಮಾಡಿಕೊಂಡ. ಮನೆಗೆ ಬಂದು "ಸಮುದ್ರ ಹಸಿರು" ಎಂದು ಹೆಂಡತಿಗೂ ಮಗಳಿಗೂ ಜಂಬದಿಂದ ಹೇಳಿದ. ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದವನು ತಾನು, ಸಮುದ್ರ ಒಂದು ದಿನವೂ ಹಸಿರಾಗಿ ಕಂಡದ್ದಿಲ್ಲವಲ್ಲ ಎಂದು ಒಳಗೊಳಗೇ ಬೆರಗುಪಟ್ಟ. ಕೆಲವೊಮ್ಮೆ ಅವನಿಗೆ ಬೇರೆಯೇ ಒಂದು ಗುಮಾನಿ ಬರುತ್ತಿತ್ತು: ಇವರಿಗೂ ಏನೂ ಕಾಣುವುದಿಲ್ಲವೋ ಏನೋ, ಎಲ್ಲರೂ ಸೇರಿ ಹಾಗೆಂದು ಮಾತಾಡಿಕೊಂಡಿದ್ದಾರೋ ಏನೋ. ಆದರೆ ಅದು ನಿಲ್ಲುವ ಗುಮಾನಿಯಲ್ಲ. ಯಾಕೆಂದರೆ ಅವರು ಬಣ್ಣದ ಹೆಸರು ಹೇಳುವಾಗ ದನಿಯೇ ಬದಲಾಗುತ್ತದೆ. ವಾರಿಜಾ "ಇಟ್ಟಿಗೆಯ ಬಣ್ಣ" ಎನ್ನುವಾಗ ಆ ದನಿಯಲ್ಲಿ ಬಿಸಿಲಿರುತ್ತದೆ. ಮಗಳು ಶ್ರದ್ಧಾ "ಮರೂನ್" ಎನ್ನುವಾಗ ಗಂಟಲು ತಗ್ಗುತ್ತದೆ. ಆಚೆ ಮನೆಯ ಮಾಪಣ್ಣ ಹಣ್ಣು ಮೆಣಸಿನಕಾಯಿಯ ವಿಷಯ ಬಂದರೆ "ಕೆಂಪಂದ್ರ ಕೆಂಪ ನೋಡ್ರಿ ಸಾವ್ಕಾರ್ರ, ಕಣ್ಣ ಉರೀಬೇಕು" ಎಂದು ನಿಜವಾಗಿಯೂ ಕಣ್ಣು ಕಿರಿದು ಮಾಡುತ್ತಾನೆ. ಕಾಣದ ವಸ್ತುವಿಗೆ ಯಾರ ಕಣ್ಣೂ ಉರಿಯಲಾರದು.

ಈ ಸಂಗತಿ ಗೊತ್ತಿರುವವರು ಇಡೀ ಭೂಮಿಯಲ್ಲಿ ಇಬ್ಬರೇ, ಒಬ್ಬ ತಾನು, ಇನ್ನೊಬ್ಬರು ಕಲ್ಯಾಣದ ರೈಲ್ವೆ ಆಸ್ಪತ್ರೆಯ ಆ ದಾಕ್ತರು, ಅವರಂತೂ ಇಷ್ಟರಲ್ಲಿ ತೀರಿಕೊಂಡಿರಲೂಬಹುದು. ಮದುವೆಯಾದ ಹೊಸತು. ವಾರಿಜಾಳ ಅಣ್ಣ ಕಿಟ್ಟಣ್ಣ ಕಲ್ಯಾಣದಲ್ಲಿ ಗಾರ್ಡ್ ಆಗಿದ್ದ. ಯಾರ್ಯಾರ ಕೈಕಾಲು ಹಿಡಿದು ತಂಗಿಯ ಗಂಡನಿಗೂ ಅಲ್ಲೇ ಒಂದು ಕೆಲಸಕ್ಕೆ ದಾರಿ ಮಾಡಿದ್ದ. ಬರವಣಿಗೆಯ ಪರೀಕ್ಷೆ ಮುಗಿದು ಉಳಿದದ್ದು ದೇಹಪರೀಕ್ಷೆ ಮಾತ್ರ. ದಾಕ್ತರು ಒಂದು ಪುಸ್ತಕ ತೆರೆದರು. ಹಾಳೆಯ ತುಂಬ ಚುಕ್ಕಿಗಳು, ಮಳೆಯ ಮೊದಲ ಹನಿಗಳು ಬಿದ್ದ ಧೂಳಿನ ಹಾಗೆ. "ಕಿತನಾ?" ಎಷ್ಟು, ಎಂದರು. ಏನು ಕಿತನಾ? ಮುಂದೆ ನಿಂತಿದ್ದ ಹುಡುಗರೆಲ್ಲ ಪಟಪಟನೆ ಅಂಕಿ ಹೇಳಿ ಹೋಗಿದ್ದರು. ಚೆನ್ನಯ ಚುಕ್ಕಿಗಳನ್ನು ಎಣಿಸಬೇಕೇನೋ ಎಂದು ಎಣಿಸತೊಡಗಿದ. ದಾಕ್ತರು ನಗಲಿಲ್ಲ. ಹಾಳೆಗಳನ್ನು ಬೇಗ ಬೇಗ ತಿರುವಿದರು, ಕತ್ತಲೆಯ ಕೋಣೆಗೆ ಕರೆದೊಯ್ದು ಲಾಟೀನಿನ ಬೆಳಕು ತೋರಿಸಿದರು, ಆಮೇಲೆ ಅವನ ಭುಜ ತಟ್ಟಿ, ಈ ಬಣ್ಣಗುರುಡು ತಾಯಿಯ ಕಡೆಯಿಂದ ಬರುತ್ತದೆ, ತಾಯಿಗೇ ಗೊತ್ತಿರುವುದಿಲ್ಲ, ಎಂದರು. ಹೊರಗೆ ಕಿಟ್ಟಣ್ಣ ವಡಾಪಾವಿನ ಪೊಟ್ಟಣ ಹಿಡಿದು ಕಾಯುತ್ತಿದ್ದ. ಅವನ ಮುಖದ ತುಂಬ ಎಷ್ಟು ಖುಷಿ ಇತ್ತೆಂದರೆ ಚೆನ್ನಯನ ಬಾಯಿಂದ ಬಂದದ್ದು ಬೇರೆಯೇ ಮಾತು: "ನಾನೇ ಬೇಡ ಅಂತ ಎದ್ದು ಬಂದೆ ಭಾವ. ಈ ಸರಕಾರದ ಗುಲಾಮಗಿರಿ ನನಗೆ ಆಗಿಬರುದಿಲ್ಲ." ಕಣ್ಣಿಲ್ಲದವನು ಎನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಎನ್ನಿಸಿಕೊಳ್ಳುವುದು ಆ ಗಳಿಗೆಯಲ್ಲಿ ಅವನಿಗೆ ಗಂಡಸುತನವಾಗಿ ಕಂಡಿತು. ಕಿಟ್ಟಣ್ಣ ಪೊಟ್ಟಣವನ್ನು ಅಲ್ಲೇ ಬೆಂಚಿನ ಮೇಲಿಟ್ಟು ಹೋದ. ವಾರಿಜಾಳಿಗೆ ಕಲ್ಯಾಣದ ರೈಲ್ವೆ ಕ್ವಾರ್ಟರ್ಸು, ಹಿತ್ತಿಲ ನಲ್ಲಿ, ಬಸಳೆ ಚಪ್ಪರ ಎಲ್ಲ ಮನಸ್ಸಿನಲ್ಲೇ ಕಟ್ಟಿ ಮುಗಿದಿದ್ದವು. ಅದರ ಬದಲು ಕೋಪರಖೈರಣೆಯ ಒಂದು ಕೋಣೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗಂಡನಿಗೆ ಮೇಲ್ವಿಚಾರಕನ ಕೆಲಸ, ತುಂಬ ತಡವಾಗಿ ಈ ಸಾನಪಾಡಾದ ಮನೆ. ಇವತ್ತಿಗೂ ಜಗಳದ ಕೊನೆಗೆ ಅವಳು "ಸೊಕ್ಕಿನಿಂದ ಬಿಟ್ಟವರಲ್ವಾ ನೀವು" ಎನ್ನುತ್ತಾಳೆ. ಅವನು ಸುಮ್ಮನಿರುತ್ತಾನೆ. ಆ ಸೊಕ್ಕು ಈಗ ಅವನದೇ ಆಸ್ತಿಯಾಗಿಹೋಗಿದೆ. ಅದನ್ನು ತೆಗೆದರೆ ಕೆಳಗೆ ಏನುಳಿಯುತ್ತದೋ ಅವನಿಗೆ ಗೊತ್ತಿಲ್ಲ.

ಆ ಕಿಟ್ಟಣ್ಣ ಈ ಭಾನುವಾರ ಊಟಕ್ಕೆ ಬರುವವನಿದ್ದ. ಮುನಿಸು ಯಾವಾಗ ಕರಗಿತೆಂದು ಯಾರಿಗೂ ತಿಳಿಯದ ಹಾಗೆ ಕರಗಿ, ಮೊನ್ನೆ ಫೋನಿನಲ್ಲಿ ತಾನಾಗಿಯೇ "ನಿಮ್ಮ ಕಾರಿನಲ್ಲಿ ನನ್ನನ್ನೊಮ್ಮೆ ವಾಶಿಯ ಸೇತುವೆ ದಾಟಿಸಬೇಕು ಭಾವ" ಎಂದಿದ್ದ. ಕಾರಿನ ಎಡಬದಿಯ ಎರಡು ಬಾಗಿಲುಗಳು ಹಿನ್ನೀರಿನ ಖಾಡಿಯ ಉಪ್ಪುಗಾಳಿಗೆ ಬೊಕ್ಕೆ ಎದ್ದು ಹುರುಕು ಹಿಡಿದವರಂತೆ ಕಾಣುತ್ತಿದ್ದವು. ಅವನ್ನು ಕೆರೆದು ಹೊಸ ಬಣ್ಣ ಕೊಡುತ್ತೇನೆ, ನಾನೇ ಕೊಡುತ್ತೇನೆ, ಎಂದು ಚೆನ್ನಯ ಹಟ ಹಿಡಿದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಿತ್ತುಕೊಂಡು ತುರ್ಭೆಯ ಪೇಂಟಿನ ಅಂಗಡಿಗೆ ಹೋಗಿ, ಇದೇ ಬಣ್ಣ ಕಲಸಿ ಕೊಡು ಎಂದು ತಂದೂ ಆಯಿತು. ಅಂದರೆ ನೋಡುವ ಕೆಲಸವನ್ನು ಅಂಗಡಿಯವನ ಕಣ್ಣಿಗೆ ವಹಿಸಿಬಿಟ್ಟಿದ್ದ. ಹಾಗೆ ವಹಿಸಿಕೊಡುವ ಉಪಾಯಗಳಲ್ಲೇ ಅವನ ಬದುಕು ಇಲ್ಲಿಯವರೆಗೆ ಸಾಗಿತ್ತು.

ಶುಕ್ರವಾರ ಕತ್ತಲಾಗುವುದರೊಳಗೆ ಎರಡೂ ಬಾಗಿಲುಗಳು ಬರಿಮೈಯಾದವು. ಬಣ್ಣ ಕೀಳುವ ಔಷಧಿ ಹಚ್ಚಿದ ಕೂಡಲೇ ಹಳೆಯ ಪದರಗಳು ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದವು. ತಗಡಿನ ಪಟ್ಟಿಯಿಂದ ನೂಕಿದರೆ ಮಡಿಕೆ ಮಡಿಕೆಯಾಗಿ ಬಿದ್ದವು. ಕೊನೆಗೆ ಉಳಿದ ಕಬ್ಬಿಣ! ಕಾರ್ಖಾನೆಯಲ್ಲಿ ಅಚ್ಚಿನಿಂದ ಹೊರಬಿದ್ದ ದಿನ ಯಾರೋ ಒಬ್ಬರು ಇದನ್ನು ಹೀಗೆ ನೋಡಿರಬೇಕು, ಆಮೇಲೆ ಈಗ ತಾನೇ. ಅದರಲ್ಲಿ ಬಣ್ಣವೇ ಇರಲಿಲ್ಲ. ವಾರಿಜಾ ಕೂಡ ಅದಕ್ಕೊಂದು ಹೆಸರು ಹೇಳಲಿಲ್ಲ, "ಅಬ್ಬ" ಎಂದು ಸುಮ್ಮನಾದಳು. ಮೊದಲ ಸಲ ಇಬ್ಬರೂ ಒಂದನ್ನೇ ನೋಡುತ್ತಿದ್ದಾರೆಂದು ಚೆನ್ನಯನಿಗೆ ಹೊಳೆದು, ಎದೆ ತುಂಬಿ ಬಂದು, ಏನೋ ಹೇಳಲಿಕ್ಕೆಂದು ಬಾಯಿ ತೆರೆದವನು "ಥಿನ್ನರಿನ ಡಬ್ಬ ಎಲ್ಲಿಟ್ಟಿದ್ದೀ?" ಎಂದು ಕೇಳಿದ.

ಶನಿವಾರ ಬೆಳಿಗ್ಗೆ ತುರ್ಭೆಯಿಂದ ಬಾಡಿಗೆಗೆ ತಂದ ಸಣ್ಣ ಕಂಪ್ರೆಸರು ಗುಡುಗುಟ್ಟತೊಡಗಿದಾಗ ಮಾಪಣ್ಣ ಹಲ್ಲುಜ್ಜುತ್ತಲೇ ಬಂದು ಗೇಟಿಗೆ ಆತು ನಿಂತ. ಕಲಬುರ್ಗಿ ಕಡೆಯವನು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲರ ಮೇಸ್ತ್ರಿ, ಮುಕಾದಮ. ಎಲ್ಲಿ ಸದ್ದಾದರೂ ಅಲ್ಲಿ ಅವನಿರಬೇಕು. "ಏನ್ ಸಾವ್ಕಾರ್ರ, ಫ್ಯಾಕ್ಟರಿ ತೆಗದ್ರೇನ್ರೀ ಮನ್ಯಾಗ?" ಚೆನ್ನಯ ಅಸ್ತರಿನ, ಅಂದರೆ ತಳದ ಬಣ್ಣದ, ಮೊದಲ ಕೈ ಹೊಡೆದ. ಒಣಗಿದ್ದರ ಮೇಲೆ ಅಂಗಡಿಯ ಬಣ್ಣ ಹೊಡೆದ. ಹೊಡೆಯುತ್ತಿದ್ದಂತೆ ಒಂದು ವಿಚಿತ್ರ ಶುರುವಾಯಿತು. ಬಣ್ಣ ತಗಡಿನ ಮೇಲೆ ನಿಲ್ಲದೆ ಅಲ್ಲಲ್ಲಿ ಹಿಂದೆ ಸರಿಯತೊಡಗಿತು, ನೋಡನೋಡುತ್ತಿದ್ದಂತೆ ದುಂಡನೆಯ ತೂತುಗಳು ಅರಳಿದವು, ಪ್ರತಿಯೊಂದರ ನಡುವೆ ಒಂದು ಬೊಟ್ಟು. ಬಾಗಿಲಿನ ತುಂಬ ಮೀನಿನ ಕಣ್ಣುಗಳು ಎದ್ದು ಅವನನ್ನೇ ದಿಟ್ಟಿಸಿದಂತಾಯಿತು. ಮತ್ತೆ ಹೊಡೆದ, ಮತ್ತೆ ಕಣ್ಣು ತೆರೆದವು. ಹಟಕ್ಕೆ ಬಿದ್ದು ಹೊಡೆದೂ ಹೊಡೆದೂ ಡಬ್ಬದ ತಳ ಕಾಣಿಸಿತು. ಆಗ ಬೆರಳಲ್ಲಿ ಒಂದು ಕಣ್ಣನ್ನು ಒರೆಸಿ ಮೂಸಿದ. ತೆಂಗಿನೆಣ್ಣೆ.

"ನಾನೇ ಹಚ್ಚಿದ್ದು," ಎಂದಳು ಬಾಗಿಲಲ್ಲಿ ನಿಂತಿದ್ದ ವಾರಿಜಾ. "ಈ ಖಾಡಿಯ ಗಾಳಿಗೆ ಕಬ್ಬಿಣವನ್ನು ಬರಿದೇ ಬಿಡುದುಂಟಾ? ಬೆಳಗಾಗುವಾಗ ತುಕ್ಕು ಹಿಡೀತಿತ್ತು. ಕಾವಲಿಗೆ ಹಚ್ಚುದಿಲ್ವಾ, ಮೆಟ್ಟುಕತ್ತಿಗೆ ಹಚ್ಚುದಿಲ್ವಾ? ಹಾಗೆ ನೀವು ಮಲಗಿದ ಮೇಲೆ ಎರಡಕ್ಕೂ ಉಜ್ಜಿ ಇಟ್ಟೆ." ಅವಳ ದನಿಯಲ್ಲಿ ಒಂದು ಹೆಮ್ಮೆಯೇ ಇತ್ತು. ಇನ್ನೂ ಅವಳಿಗೆ ಏನಾಯಿತೆಂದು ಗೊತ್ತಾಗಿರಲಿಲ್ಲ. ಚೆನ್ನಯನಿಗೆ ತಲೆಗೆ ರಕ್ತ ಏರಿತು. "ಇದೆಂತ ನಿನ್ನ ಕಾವಲಿಯಾ? ನೀರ್ದೋಸೆ ಹೊಯ್ಯಲಿಕ್ಕುಂಟಾ ಇದರಲ್ಲಿ? ಎಣ್ಣೆಯ ಮೇಲೆ ಬಣ್ಣ ನಿಲ್ತದಾ? ಕಣ್ಣು ಕಾಣುದಿಲ್ವಾ ನಿನಗೆ?" ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅದು ತನ್ನದಲ್ಲ, ಎಲ್ಲಿಂದಲೋ ಎರವಲು ತಂದದ್ದು ಎನ್ನಿಸಿತು. ಮಾಪಣ್ಣ ಗೇಟಿನಿಂದಲೇ ನಕ್ಕ: "ಯಪ್ಪಾ! ವೈನಿ, ನಾಳಿ ಇದ್ರಾಗ ಒಂದು ಮಸಾಲಿದೋಸಿ ನನಗೂ ಹಾಕ್ರಿ ಮತ್ತ." ವಾರಿಜಾ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಆ ಕೈಯಲ್ಲಿ ನಿನ್ನೆಯ ಎಣ್ಣೆ ಇನ್ನೂ ಇದೆಯೇನೋ ಎಂಬ ಹಾಗೆ, ಮತ್ತೆ ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಕತ್ತಲೆಯಲ್ಲಿ ಒಬ್ಬಳೇ ಕುಳಿತು, ಮಗುವಿನ ಮೈಗೆ ಹಚ್ಚಿದ ಹಾಗೆ, ಆ ಬರಿಯ ತಗಡಿಗೆ ಅಂಗೈಯಲ್ಲಿ ಎಣ್ಣೆ ತೀಡಿದವಳು.

ಮಗುವಿನ ಮೈ. ಶ್ರದ್ಧಾ ಅಂಬೆಗಾಲಿಡುತ್ತಿದ್ದ ಕಾಲ, ಕೋಪರಖೈರಣೆಯ ಕೋಣೆ. ವಾರಿಜಾ ಮಾಟುಂಗಾಕ್ಕೆ ಯಾರದೋ ಮದುವೆಗೆ ಹೋಗಿದ್ದಳು. ಮಗು ಅಳುತ್ತಿತ್ತು, ಮೈ ಬೆಚ್ಚಗಿತ್ತು. ಅವನು ಅಂಗಿ ಬಿಚ್ಚಿ ನೋಡಿದ್ದ, ನಿಜವಾಗಿ ನೋಡಿದ್ದ, ಬೆನ್ನು ಹೊಟ್ಟೆ ತಿರುಗಿಸಿ ತಿರುಗಿಸಿ ನೋಡಿದ್ದ. ಏನೂ ಇರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಸಂಜೆಯವರೆಗೂ ಲಾಲಿ ಹೇಳಿದ. ವಾರಿಜಾ ಬಂದು ಮಗುವನ್ನು ಎತ್ತಿಕೊಂಡವಳೇ ಕಿರುಚಿದಳು. ಮೈಯೆಲ್ಲ ಕೆಂಪು ದದ್ದು, ಮುಖ, ಎದೆ, ತೊಡೆ, ಒಂದು ಬೆರಳಿಡುವಷ್ಟೂ ಜಾಗವಿಲ್ಲ. "ಕಣ್ಣು ಕಾಣುದಿಲ್ವಾ ನಿಮಗೆ?" ಅದೇ ಮಾತು, ಅವಳದೇ. "ಗಮನಿಸಲಿಲ್ಲ," ಎಂದಿದ್ದ ಅವನು. ದಾಕ್ತರ ಮುಂದೆಯೂ ಹಾಗೆಯೇ ಹೇಳಿದ. ಮಗು ಉಳಿಯಿತು, ಆ ಮಾತೂ ಉಳಿಯಿತು. ಅಂದಿನಿಂದ ವಾರಿಜಾ ಮಗುವನ್ನು ಅವನೊಬ್ಬನ ಹತ್ತಿರ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮೀನಿನ ಕಣ್ಣುಗಳನ್ನೆಲ್ಲ ಒರೆಸಿ, ಬಾಗಿಲುಗಳನ್ನು ಮತ್ತೆ ಬರಿಮೈ ಮಾಡುವಷ್ಟರಲ್ಲಿ ಮಧ್ಯಾಹ್ನ ದಾಟಿತು. ತುರ್ಭೆಗೆ ಓಡಿದರೆ ಅಂಗಡಿಗೆ ಬೀಗ. ಮಾಲೀಕ ಮದುವೆಗೆಂದು ಗುಜರಾತಿಗೆ ಹೋಗಿದ್ದ. ಬರಿಗೈಯಲ್ಲಿ ಹಿಂದಿರುಗಿದ ಚೆನ್ನಯ ಮೆಟ್ಟಿಲ ಕೆಳಗಿನ ಹಳೆಯ ಡಬ್ಬಗಳನ್ನೆಲ್ಲ ಎಳೆದು ಸಾಲಾಗಿ ಇಟ್ಟ. ಬಿಳಿ ಇತ್ತು, ಕಪ್ಪು ಇತ್ತು, ನೀಲಿ ಇತ್ತು, ಇನ್ನೂ ಎರಡು ಡಬ್ಬಗಳ ಚೀಟಿ ಹರಿದುಹೋಗಿತ್ತು. ಶ್ರದ್ಧಾ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದಳು. ಮಾಪಣ್ಣ ಕಳಂಬೋಲಿಗೆ. ಒಳಗೆ ಪಾತ್ರೆಗಳ ಸದ್ದು ಮಾತ್ರ ಇತ್ತು, ಆ ಸದ್ದಿಗೆ ಬಾಗಿಲು ಮುಚ್ಚಿತ್ತು. "ಇದು ಯಾವ ಬಣ್ಣ ನೋಡು" ಎಂದು ಒಂದು ಮಾತು ಕೂಗಿದರೆ ಅವಳು ಬರದೇ ಇರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಅಷ್ಟು ಅಂದವನು ಈಗ ಹೇಗೆ ಕೂಗುವುದು? ತಾನು ಬಾಯಿ ಮಾಡಿದ್ದಕ್ಕೆ ತನ್ನ ಕಿವಿಯೇ ಬರಿದಾಗಿತ್ತು. ಇರಲಿ ಎಂದುಕೊಂಡು ಅವನು ಒಂದು ಪ್ಲಾಸ್ಟಿಕ್ ತಂಬಿಗೆಯಲ್ಲಿ ಬಿಳಿ ಸುರಿದು, ಚೀಟಿ ಹರಿದ ಡಬ್ಬದ್ದನ್ನು ಕಡ್ಡಿಯಿಂದ ತೊಟ್ಟಿಕ್ಕಿಸಿ, ನೀಲಿಯ ಒಂದೆರಡು ಹನಿ ಹಾಕಿ ಕಲಸಿದ. ಕಲಸಿದ್ದನ್ನು ಬೆರಳಲ್ಲಿ ತೆಗೆದು ಕಾರಿನ ಬಲಬದಿಯ ಹಳೆಯ ಬಣ್ಣದ ಮೇಲೆ ಒತ್ತಿ ನೋಡಿದ. ತುಸು ತೆಳು. ಕಪ್ಪಿನ ಹನಿ. ತುಸು ಗಾಢ. ಮತ್ತೆ ಬಿಳಿ. ಹೀಗೆ ಒತ್ತುತ್ತ, ಒರೆಸುತ್ತ, ಬೆವರುತ್ತ ಹೋದವನಿಗೆ ಒಂದು ಸಲ, ಬೆರಳೆತ್ತಿದಾಗ, ಒತ್ತಿದ್ದು ಎಲ್ಲಿ ಎಂದೇ ಕಾಣಲಿಲ್ಲ. ಬಗ್ಗಿ ನೋಡಿದ. ಎದ್ದು ನಿಂತು ನೋಡಿದ. ಹೊಸದು ಎಲ್ಲಿ ಮುಗಿದು ಹಳೆಯದು ಎಲ್ಲಿ ಶುರುವಾಗುತ್ತದೆಂದು ಗೊತ್ತೇ ಆಗದ ಹಾಗೆ ಎರಡೂ ಒಂದಾಗಿದ್ದವು. ಅವನ ಕಣ್ಣಲ್ಲಿ ನೀರು ಬಂತು. ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ, ಜೀವಮಾನದಲ್ಲಿ ಮೊದಲ ಸಲ ಅವನು ತಾನಾಗಿಯೇ ಒಂದು ಬಣ್ಣವನ್ನು ಹುಟ್ಟಿಸಿದ್ದ. ಸಮುದ್ರ ಮಾಡಿದ ದಿನ ದೇವರಿಗೂ ಹೀಗೆಯೇ ಅನ್ನಿಸಿರಬಹುದು. ಸಂಜೆಯ ಒಳಗೆ ಎರಡೂ ಬಾಗಿಲುಗಳಿಗೆ ಹೊಡೆದು ಮುಗಿಸಿದ. ಒಂದೇ ಒಂದು ಕಣ್ಣೂ ಏಳಲಿಲ್ಲ.

ಭಾನುವಾರದ ಬಿಸಿಲಿನಲ್ಲಿ ಬಾಗಿಲುಗಳನ್ನು ಕಾರಿಗೆ ಕೂರಿಸುವಾಗ ಮಾಪಣ್ಣನೇ ಬಂದು ಹಿಡಿದುಕೊಂಡ. ಹಿಡಿದವನು ಯಾಕೋ ಮಾತಾಡುತ್ತಿರಲಿಲ್ಲ. ಕೊನೆಯ ಸ್ಕ್ರೂ ಬಿಗಿದು ಚೆನ್ನಯ ಹಿಂದೆ ಸರಿದು ನಿಂತಾಗಲೇ ಮೇಲಿನ ಕಿಟಕಿಯಿಂದ ಶ್ರದ್ಧಾ ಇಣುಕಿದ್ದು. "ಅಯ್ಯೋ ಪಪ್ಪಾ, ಯೇ ತೋ ಪಿಂಕ್ ಹೈ!" ಎಂದು ಅವಳು ನಕ್ಕ ನಗು ಬೀದಿಯ ತುದಿಯವರೆಗೆ ಹೋಯಿತು. ಮಾಪಣ್ಣನೂ ಈಗ ಅಣೆಕಟ್ಟು ಒಡೆದವನಂತೆ ನಕ್ಕ. "ನಾ ಅನ್ಬೇಕೋ ಬ್ಯಾಡೋ ಅಂತ ಸುಮ್ಮನಿದ್ದೆ ನೋಡ್ರಿ. ಉಳ್ಳಾಗಡ್ಡಿ ಸಿಪ್ಪಿ ಹಚ್ಚಿದಂಗ ಆಗೇದ! ಏನ್ ಸಾವ್ಕಾರ್ರ, ಮದುವಿ ಗಾಡಿ ಮಾಡವ್ರದೀರೇನು?" ಚೆನ್ನಯ ಕಾರನ್ನು ನೋಡಿದ. ತಲೆಯಿಂದ ಬಾಲದವರೆಗೆ ಅದು ಒಂದೇ ಕಾರು, ಒಂದೇ ಬಣ್ಣ, ನಿನ್ನೆ ಸಂಜೆಗಿಂತಲೂ ಚೆನ್ನಾಗಿ ಕೂಡಿಕೊಂಡ ಬಣ್ಣ. ಎದುರುಮನೆಯ ಮಕ್ಕಳೂ ಬಂದು ಗೇಟಿಗೆ ಜೋತು ಬಿದ್ದರು. ಎಲ್ಲರೂ ಬೆರಳು ಮಾಡಿ ಏನೋ ತೋರಿಸುತ್ತಿದ್ದರು, ಚುಕ್ಕಿಗಳ ನಡುವಿನ ಅಂಕಿಯನ್ನು ತೋರಿಸುವ ಹಾಗೆ. "ಅದು ಅಸ್ತರ್," ಎಂದ ಅವನು. "ಮೇಲಿನ ಕೈ ಇನ್ನೂ ಹೊಡೀಬೇಕಷ್ಟೆ." ಹೇಳಿ ವಾರಿಜಾಳ ಕಡೆ ತಿರುಗಿದ. ಅವಳು ನಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಒಣಗಿದ್ದ ತಂಬಿಗೆಯನ್ನು ನೋಡುತ್ತಿದ್ದಳು, ಪಕ್ಕದಲ್ಲಿ ತೆರೆದಿಟ್ಟಿದ್ದ ಡಬ್ಬಗಳನ್ನು ನೋಡುತ್ತಿದ್ದಳು, ಆಮೇಲೆ ಅವನನ್ನು ನೋಡಿದಳು.

ಕಿಟ್ಟಣ್ಣ ಬಂದದ್ದು ಊಟದ ಹೊತ್ತಿಗೆ ಸರಿಯಾಗಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡೆ ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ ನಡೆಯುವ ಗಾರ್ಡನದೇ. "ಎಲ್ಲಿ ಭಾವ ನಿಮ್ಮ ವಿಮಾನ?" ಎಂದು ನಗುತ್ತ ಗೇಟು ತೆರೆದವನು ಕಾರಿನ ಎದುರು ನಿಂತ. ಎಡಬದಿಗೆ ಬಂದ. ನಗು ಮುಖದಲ್ಲಿ ಇದ್ದಲ್ಲೇ ಇತ್ತು, ಅದರ ಹಿಂದೆ ಏನೋ ಒಂದು ನಿಂತುಹೋಯಿತು. "ಅಸ್ತರ್ ಅದು," ಎಂದು ಚೆನ್ನಯ ಹೇಳುತ್ತಿದ್ದಂತೆ ಕಿಟ್ಟಣ್ಣ ಒಂದು ಕೈಯನ್ನು ಹೊಸ ಬಾಗಿಲಿನ ಮೇಲೂ ಇನ್ನೊಂದನ್ನು ಹಳೆಯ ಬಾನೆಟ್ಟಿನ ಮೇಲೂ ಇಟ್ಟು ಮೆಲ್ಲಗೆ ಕೇಳಿದ: "ಎರಡಕ್ಕೂ ಎಷ್ಟು ವ್ಯತ್ಯಾಸ ಉಂಟು ಭಾವ ಈಗ?" ಚೆನ್ನಯ ಬಾಯಿ ತೆರೆದ. ಏನು ಹೇಳುವುದು? ಹೆಚ್ಚು ಎನ್ನಬೇಕೆ, ಕಡಿಮೆ ಎನ್ನಬೇಕೆ? ಮುವ್ವತ್ತು ವರ್ಷ ಹಸಿರು ಬಾವುಟ ಬೀಸಿದ ಮನುಷ್ಯ. ಪ್ರತಿ ಬಾರಿ ದೇಹಪರೀಕ್ಷೆಗೆ ಹೋದಾಗ ಅದೇ ಚುಕ್ಕಿಗಳ ಪುಸ್ತಕ ಓದಿ ಬಂದವನು, ಆ ಕೋಣೆಯಿಂದ ತಲೆ ತಗ್ಗಿಸಿ ಹೊರಬಂದ ಜೊತೆಯವರನ್ನೂ ಕಂಡವನು. ಅವನ ಕಣ್ಣಿನಲ್ಲಿ ಬೆಂಚಿನ ಮೇಲೆ ಬಿಟ್ಟುಹೋದ ವಡಾಪಾವಿನ ಪೊಟ್ಟಣ, ಆಡಿದ ಬಿರುಸಿನ ಮಾತು, ಬಾರದೆ ಉಳಿದ ಹಬ್ಬಗಳು ಎಲ್ಲ ಒಂದೊಂದಾಗಿ ಜಾಗ ಬದಲಾಯಿಸುವುದನ್ನು ಚೆನ್ನಯ ಕಂಡ. ಗೊತ್ತಾಯಿತು ಇವನಿಗೆ. ಈಗ ಹೇಳುತ್ತಾನೆ, ತಂಗಿಯ ಎದುರು, ಮಗಳ ಎದುರು, ಗೇಟಿಗೆ ಆತು ನಿಂತಿರುವ ಮಾಪಣ್ಣನ ಎದುರು. ಕಿಟ್ಟಣ್ಣ ಕೈಗಳನ್ನು ತೆಗೆದು, ಕರವಸ್ತ್ರದಲ್ಲಿ ಒರೆಸಿಕೊಂಡು, ಗಟ್ಟಿಯಾಗಿ ಹೇಳಿದ: "ಈಗ ಎರಡು ಬಣ್ಣದ ಗಾಡಿಯೇ ಫ್ಯಾಷನ್ ಅಲ್ಲವಾ! ನಮ್ಮ ರೈಲಿನ ಡಬ್ಬಿಗೂ ಹಾಗೇ ಹೊಡೀತಾ ಇದ್ದಾರೆ. ಹೀಗೇ ಇರಲಿ ಭಾವ, ಚೆಂದ ಉಂಟು. ಏನಮ್ಮ ವಾರಿಜಾ, ಬಂಗುಡೆ ಪುಳಿಮುಂಚಿಯ ಪರಿಮಳ ಇಲ್ಲಿವರೆಗೆ ಬರ್ತಾ ಉಂಟು, ಅನ್ನ ಹಾಕ್ತೀಯೋ ಇಲ್ವೋ?"

ಊಟದ ಉದ್ದಕ್ಕೂ ಚೆನ್ನಯ ಅನ್ನ ಕಲಸುತ್ತಲೇ ಇದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಕ್ಕಿದ್ದರೆ ಇನ್ನೂ ಸುಲಭ. ಇಷ್ಟು ವರ್ಷ ತಾನು ಸೊಕ್ಕಿನ ಹೊರೆ ಹೊರಿಸಿ ದೂರ ಇಟ್ಟ ಮನುಷ್ಯ, ಸತ್ಯ ಗೊತ್ತಾದ ಮರುಗಳಿಗೆಯೇ ಅದನ್ನು ಮುಚ್ಚಲಿಕ್ಕೆ ತನ್ನ ಬಾಯಿಯ ಸುಳ್ಳನ್ನು ಎತ್ತಿ ಕೊಟ್ಟುಬಿಟ್ಟಿದ್ದನಲ್ಲ, ಹೆಗಲ ಮೇಲಿನ ಶಾಲು ತೆಗೆದು ಹೊದಿಸಿದಷ್ಟು ಸಲೀಸಾಗಿ. ಮನುಷ್ಯರೊಳಗೆ ಇಂಥದ್ದೆಲ್ಲ ಇರುತ್ತದೆಯೇ? ಇದನ್ನೂ ತಾನು ಕಾಣದೆಯೇ ಉಳಿದಿದ್ದೆನೇ? ಆಮೇಲೆ ಕಿಟ್ಟಣ್ಣನನ್ನು ಕೂರಿಸಿಕೊಂಡು ವಾಶಿಯ ಸೇತುವೆ ದಾಟಿ, ಮಾನಖುರ್ದಿನವರೆಗೆ ಹೋಗಿ ಅಲ್ಲೇ ಸ್ಟೇಷನ್ನಿನಲ್ಲಿ ಇಳಿಸಿದ. ದಾರಿಯುದ್ದಕ್ಕೂ ಪಕ್ಕದ ರಿಕ್ಷಾದವರು ಕಾರು ನೋಡಿ ನಗುತ್ತಿದ್ದರು. ಕಿಟ್ಟಣ್ಣ ಅವರಿಗೆಲ್ಲ ಗಂಭೀರವಾಗಿ ಕೈಬೀಸುತ್ತಿದ್ದ. ಸಿಗ್ನಲ್ಲು ಬಂದಾಗ ಮಾತ್ರ, ಯಾರಿಗೋ ಹೇಳುವಂತೆ, "ಮೇಲಿನ ದೀಪ ಹತ್ತಿತು" ಎಂದ. ಚೆನ್ನಯ "ಗೊತ್ತುಂಟು ಭಾವ, ಮೇಲಿನದ್ದು ಹತ್ತಿದ್ರೆ ನಿಲ್ಲಬೇಕು" ಎಂದ. ಇಳಿಯುವಾಗ ಕಿಟ್ಟಣ್ಣ ಕಿಟಕಿಯೊಳಗೆ ತಲೆ ಹಾಕಿ, "ವಾರಿಜಾಳಿಗೆ ನಾನು ಹೇಳುದಿಲ್ಲ. ಆದರೆ ನೀವು ಹೇಳಿ ಮಾರಾಯ್ರೆ. ಪಾಪ ಅವಳು," ಎಂದು ಹೋದ.

ಮನೆಗೆ ಬಂದಾಗ ವಾರಿಜಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಶ್ರದ್ಧಾ ಗೆಳತಿಯ ಮನೆಗೆ ಹೋಗಿದ್ದಳು. ಕಾರು ನಿಲ್ಲಿಸಿ ಕೀಲಿಕೈ ತೆಗೆ‌ಯದೆಯೇ, ಸ್ಟೀರಿಂಗು ಹಿಡಿದುಕೊಂಡೇ ಅವನು ಹೇಳಿದ: "ಕಲ್ಯಾಣದಲ್ಲಿ ನಾನು ಬೇಡ ಅಂದದ್ದಲ್ಲ. ಅವರೇ ನನ್ನನ್ನು ಬೇಡ ಅಂದದ್ದು. ನನಗೆ ಕೆಂಪು, ಹಸಿರು ಎರಡೂ ಕಾಣುದಿಲ್ಲ. ಹುಟ್ಟಿನಿಂದ." ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಇಷ್ಟು ಚಿಕ್ಕದಿತ್ತೇ ಎಂದು ಅವನಿಗೇ ಆಶ್ಚರ್ಯವಾಯಿತು. ವಾರಿಜಾ ಕೇಳಿದ್ದು ಕಲ್ಯಾಣದ ವಿಷಯವೇ ಅಲ್ಲ. "ಹಾಗಾದ್ರೆ ಆವತ್ತು... ಮಗುವಿನ ಮೈಮೇಲೆ?" "ನೋಡಿದ್ದೆ," ಎಂದ ಚೆನ್ನಯ. "ಅಂಗಿ ಬಿಚ್ಚಿ, ತಿರುಗಿಸಿ ತಿರುಗಿಸಿ ನೋಡಿದ್ದೆ ವಾರಿಜಾ. ಏನೂ ಇರಲಿಲ್ಲ." ವಾರಿಜಾ ಎದ್ದು ನಿಂತಳು. ಅವಳ ಮುಖ ಕೋಪದಿಂದ ನಡುಗುತ್ತಿತ್ತು. "ಹಾಗಂತ ಹೇಳಲಿಕ್ಕೆ ಬಾಯಿರಲಿಲ್ವಾ ನಿಮಗೆ? ಇಷ್ಟು ವರ್ಷ ನಾನು ಯಾರ ಹತ್ತಿರ ಜಗಳ ಮಾಡಿದ್ದು? ಯಾರಿಗೆ ಸೊಕ್ಕು ಅಂದದ್ದು? ಆ ಮನುಷ್ಯನೇ ಇಲ್ವಲ್ಲ ಈ ಮನೆಯಲ್ಲಿ! ಇಲ್ಲದವನ ಹತ್ತಿರ ನನ್ನ ಅರ್ಧ ಆಯುಷ್ಯ ಸಿಟ್ಟು ಮಾಡಿಸಿದಿರಲ್ಲ ಮಾರಾಯ್ರೆ!" ಚೆನ್ನಯ ತಲೆ ತಗ್ಗಿಸಿದ. ತನ್ನ ಕಣ್ಣಿನ ಲೆಕ್ಕವನ್ನಷ್ಟೇ ಅವನು ಹಾಕಿದ್ದ, ಅವಳ ಸಿಟ್ಟು ಎಲ್ಲಿ ಹೋಗಿ ಬೀಳುತ್ತಿತ್ತೆಂದು ಯೋಚಿಸಿರಲೇ ಇಲ್ಲ.

ಅವಳು ಒಳಗೆ ಹೋಗಬಹುದೆಂದುಕೊಂಡಿದ್ದ. ಹೋಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದಳು. ಈ ಬಾಗಿಲು, ಈ ಬಾನೆಟ್ಟು, "ಇವೆರಡೂ ಒಂದೇ ನಿಮಗೆ?" "ಒಂದೇ." ಇನ್ನು ಪರೀಕ್ಷೆ ಶುರುವಾಗುತ್ತದೆ, ಇದು ಯಾವ ಬಣ್ಣ, ಅದು ಯಾವ ಬಣ್ಣ, ಎಂದು ಅವನು ಮೈ ಬಿಗಿಹಿಡಿದು ಕಾದ. ಅವಳು ಅದನ್ನು ಕೇಳಲಿಲ್ಲ. ಬೀದಿಯ ತಿರುವಿನಲ್ಲಿ, ನೀರಿನ ಟಾಂಕಿಯ ಪಕ್ಕ, ಒಂದು ಗುಲ್‌ಮೊಹರ್ ಮರವಿತ್ತು. ಮೇ ತಿಂಗಳಾದ್ದರಿಂದ ಆಚೆ ಈಚೆಯವರೆಲ್ಲ ಅದನ್ನು ನಿಂತು ನೋಡಿ ಹೋಗುತ್ತಿದ್ದರು. ವಾರಿಜಾ ಅತ್ತ ಕೈ ತೋರಿಸಿದಳು. "ಅದು? ಅದು ಹೇಗೆ ಕಾಣ್ತದೆ ನಿಮಗೆ?"

ಅವನಿಗೆ ಯಾರೂ ಹಾಗೆ ಕೇಳಿರಲಿಲ್ಲ. ದಾಕ್ತರೂ ಕೇಳಿರಲಿಲ್ಲ. ಕಾಣುವುದಿಲ್ಲ ಎಂಬುದಕ್ಕೆ ಮಾತುಗಳಿದ್ದವು, ಕಾಣುವುದಕ್ಕೆ ಮಾತು ಹುಡುಕಬೇಕಾಯಿತು. "ಮರದಲ್ಲಿ ನನಗೆ ಹೂವು ಕಾಣುದಿಲ್ಲ," ಎಂದು ನಿಧಾನವಾಗಿ ಹೇಳಿದ. "ಬರೀ ದಟ್ಟ ಎಲೆ. ಉಳಿದ ಮರಗಳ ಹಾಗೆಯೇ. ಕೆಳಗೆ ರಸ್ತೆಯಲ್ಲಿ ಬಿದ್ದ ಮೇಲೆ ಕಾಣ್ತದೆ. ಡಾಂಬರಿನ ಮೇಲೆ ಎಸಳು ಎಸಳು ಎದ್ದು ಕಾಣ್ತದೆ. ಎಲ್ಲರೂ ಮೇಲೆ ನೋಡಿ ಆಹಾ ಅಂತಾರಲ್ಲ, ಅದು ಯಾಕೆ ಅಂತ ಗೊತ್ತಾಗ್ತಿರಲಿಲ್ಲ. ಮುಂಬಯಿಗೆ ಬಂದ ಹೊಸತರಲ್ಲಿ ಅದು ಬೀಳುವಾಗಲೇ ಅರಳುವ ಹೂವು ಅಂತ ತಿಳಿದಿದ್ದೆ."

ವಾರಿಜಾ ಗೇಟು ತೆರೆದು ಬರಿಗಾಲಿನಲ್ಲೇ ಬೀದಿಗಿಳಿದಳು. ಸಂಜೆಯ ಬಿಸಿಲು ಇನ್ನೂ ಮರದ ನೆತ್ತಿಯಲ್ಲಿತ್ತು. ಬುಡದಲ್ಲಿ ಹೋಗಿ ನಿಂತು, ಬಿದ್ದ ಹೂಗಳನ್ನು ತುಳಿಯದ ಹಾಗೆ ಕಾಲು ಜೋಡಿಸಿಕೊಂಡು, ತಲೆಯೆತ್ತಿದಳು. ಒಮ್ಮೆ ಕಣ್ಣು ಕಿರಿದು ಮಾಡಿದಳು, ಒಮ್ಮೆ ಕೈಯನ್ನು ಅಡ್ಡ ಹಿಡಿದಳು, ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಚೆನ್ನಯ ಕಾರಿನಿಂದ ಇಳಿಯದೆ ಅವಳನ್ನೇ ನೋಡುತ್ತಿದ್ದ. ಅವಳು ಅಲ್ಲಿ ಬಹಳ ಹೊತ್ತು ನಿಂತಿದ್ದಳು, ಹೂವಿಲ್ಲದ ಮರವನ್ನು ಕಾಣಲು ಪ್ರಯತ್ನಿಸುತ್ತ.